ಕುದುರೆಯ ಸೀರಮ್, ಮಾವನ ಕೀಲುನೋವು

ಅಕ್ಟೋಬರ್ 14, 2023, ಶನಿವಾರ
ಮೈಸೂರು

ಹಾವು ಕಚ್ಚಿ, ವಿಷ ಇಳಿಸುವ ಇಂಜೆಕ್ಷನ್ ಹಾಕಿಸಿಕೊಂಡು, ಹುಷಾರಾಗಿ ಮನೆಗೆ ಬಂದವರಿಗೆ ವಾರ ಹತ್ತು ದಿನದ ಮೇಲೆ ಮತ್ತೆ ಜ್ವರ ಬರಬಹುದು. ಮೈಮೇಲೆ ದದ್ದು ಏಳುತ್ತದೆ, ಕೀಲು ಹಿಡಿಯುತ್ತದೆ. ಮಂಡ್ಯದ ಹತ್ತಿರ ನಮ್ಮ ಮಾವನಿಗೆ ಈಗ ಆಗಿರುವುದು ಇದೇ. ಕಬ್ಬಿನ ತರಗು ತೆಗೆಯುವಾಗ ಕೊಳಕುಮಂಡಲ ಕಚ್ಚಿತ್ತು.

ಮಹಾಲಯ ಅಮಾವಾಸ್ಯೆಗೆ ಅಂತ ಇವತ್ತು ಹೋಗಿದ್ದೆ. "ವಿಸ ಇನ್ನೂ ಮೈಯೊಳಗೇ ಅದೆ ಕಣವ್ವ" ಅಂತ ಅತ್ತೆ ಕಣ್ಣೀರು ಹಾಕಿದರು. ಜಗಲಿಯಲ್ಲಿ ಕೂತವರೊಬ್ಬರು ಆ ಇಂಜೆಕ್ಷನ್ನೇ ಬೇಡವಾಗಿತ್ತು ಅಂದರು. ನನಗೆ ತುಂಬಾ ಸಿಟ್ಟು ಬಂತು. ಅದಿಲ್ಲದಿದ್ದರೆ ಮಾವ ಉಳಿಯುತ್ತಿದ್ದರೋ ಇಲ್ಲವೋ.

ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ, ಅಂದರೆ ಹೊರಗಿನ ವಸ್ತುವನ್ನು ಹಿಡಿಯಲು ಮೈ ಮಾಡಿಕೊಳ್ಳುವ ಪ್ರೋಟೀನ್‌ಗಳಿಂದ, ಈ ಔಷಧಿ ಮಾಡುತ್ತಾರೆ. ವಿಷವನ್ನೇನೋ ಅದು ಹಿಡಿಯುತ್ತದೆ. ಆದರೆ ನಮ್ಮ ಮೈಗೆ ಕುದುರೆಯ ಪ್ರೋಟೀನೂ ಹೊರಗಿನದೇ ಅಲ್ವಾ?

ಕಾಲೇಜಿನಲ್ಲಿ ಪೆಥಾಲಜಿ ಪಾಠ ಮಾಡುವಾಗ ನಾನು ಆರ್ಥಸ್‌ನ ಮೊಲಗಳಿಂದಲೇ ಶುರು ಮಾಡುತ್ತೇನೆ. 1903ರಲ್ಲಿ ಫ್ರಾನ್ಸಿನ ಮಾರಿಸ್ ಆರ್ಥಸ್ ಮೊಲದ ಚರ್ಮದಡಿಗೆ ಕೆಲವು ದಿನಕ್ಕೊಮ್ಮೆ ಕುದುರೆಯ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಚುಚ್ಚಿದ. ಮೊದಮೊದಲು ಏನೂ ಆಗಲಿಲ್ಲ, ಸೀರಮ್ ಸುಮ್ನೆ ಇಂಗಿಹೋಯಿತು. ಚುಚ್ಚುತ್ತಾ ಹೋದ ಹಾಗೆ ಆ ಜಾಗ ಊದಿತು, ಗಟ್ಟಿಯಾಯಿತು, ಕೊನೆಗೆ ಚರ್ಮವೇ ಸತ್ತು ಕೊಳೆಯಿತು. ಸೀರಮ್‌ನಲ್ಲಿ ವಿಷ ಇರಲಿಲ್ಲ. ಹೊಸ ಮೊಲಕ್ಕೆ ಅದೇ ಸೀರಮ್ ಕೊಟ್ಟರೆ ಏನೂ ಆಗುತ್ತಿರಲಿಲ್ಲ.

ಹಾಗಾದರೆ ಕೊಂದದ್ದು ಯಾವುದು? ಮೊಲದ ಮೈ ಮಾಡಿಕೊಂಡ ಪ್ರತಿಕಾಯ ಮತ್ತು ಹೊರಗಿನ ಪ್ರೋಟೀನ್ ಅಂಟಿಕೊಂಡು ಸಣ್ಣ ಗಂಟುಗಳಾಗುತ್ತವೆ. ಅವು ರಕ್ತನಾಳದ ಗೋಡೆಯಲ್ಲಿ ಕೂರುತ್ತವೆ. ಅವನ್ನು ತೆಗೆಯಲು ಬಿಳಿ ರಕ್ತಕಣಗಳು ಮುತ್ತುತ್ತವೆ, ತಮ್ಮೊಳಗಿನ ಕಿಣ್ವಗಳನ್ನು (ಕರಗಿಸುವ ರಸಗಳನ್ನು) ಅಲ್ಲೇ ಸುರಿಯುತ್ತವೆ. ಸುಡುವುದು ನಾಳದ ಗೋಡೆ. ಮುಂದೆ ಬೇರೆಯವರು ಮೊಲದ ಬಿಳಿಕಣಗಳನ್ನು ಮೊದಲೇ ಇಳಿಸಿ ಪ್ರಯೋಗ ಮಾಡಿದರು. ಗಂಟುಗಳು ಕೂತವು, ಆದರೆ ಅಂಗಾಂಶ ಸಾಯಲಿಲ್ಲ. ಎಷ್ಟು ಸಲ ಹೇಳಿದರೂ ಈ ಭಾಗಕ್ಕೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ. ಹಾನಿ ಮಾಡುತ್ತಿರುವುದು ನಮ್ಮದೇ ಕಾವಲು.

ಮಕ್ಕಳಲ್ಲಿ ಇದನ್ನು ಗಮನಿಸಿದ್ದು ಪಿರ್ಕೆ ಮತ್ತು ಶಿಕ್ ಎಂಬ ವೈದ್ಯರು, ವಿಯೆನ್ನಾದಲ್ಲಿ, 1905ರ ಹೊತ್ತಿಗೆ. ಗಂಟಲುಮಾರಿಗೆ ಕುದುರೆ ಸೀರಮ್ ಪಡೆದ ಮಕ್ಕಳಿಗೆ ದಿನಗಳು ಕಳೆದ ಮೇಲೆ ಜ್ವರ, ದದ್ದು. ಮೈ ಪ್ರತಿಕಾಯ ಮಾಡಿಕೊಳ್ಳಲು ಅಷ್ಟು ಸಮಯ ಬೇಕು. ಅರ್ಧ ಶತಮಾನದ ನಂತರ ಅಮೆರಿಕದ ಫ್ರಾಂಕ್ ಡಿಕ್ಸನ್ ಮೊಲಗಳಿಗೆ ದನದ ರಕ್ತದ ಆಲ್ಬುಮಿನ್ ಅನ್ನುವ ಪ್ರೋಟೀನ್ ಒಂದೇ ಸಲ ಜಾಸ್ತಿ ಕೊಟ್ಟು ನೋಡಿದ. ಪ್ರತಿಕಾಯ ಹುಟ್ಟಿ ಆಲ್ಬುಮಿನ್ ರಕ್ತದಿಂದ ಬೇಗ ಬೇಗ ಮಾಯವಾಗುವ ಹೊತ್ತಿಗೇ ಕೀಲು, ಹೃದಯ, ಕಿಡ್ನಿ ಉರಿದವು. ಕಾಫಿ ಸೋಸುವ ಬಟ್ಟೆಯಲ್ಲಿ ಗಸಿ ನಿಲ್ಲುವ ಹಾಗೆ ಗಂಟುಗಳು ಕಿಡ್ನಿಯ ಜಾಲರಿಯಲ್ಲಿ ನಿಂತಿದ್ದವು. ಗಂಟು ಕರಗಿದ ಮೇಲೆ ಉರಿಯೂ ಇಳಿಯಿತು.

ಮಾವನಿಗೂ ಇಳಿಯುತ್ತದೆ. ಡಾಕ್ಟರ್ ಕೆಲವು ದಿನದ ಮಾತ್ರೆ ಕೊಟ್ಟಿದ್ದಾರೆ, ಮೂತ್ರ ಪರೀಕ್ಷೆಯನ್ನೂ ಮಾಡಿಸಿದ್ದಾರೆ. ಅತ್ತೆಗೆ ಇದನ್ನೆಲ್ಲ ನಿಧಾನವಾಗಿ ಹೇಳಿದೆ.

ಆಸ್ಪತ್ರೆಯಿಂದ ಕಳಿಸುವಾಗಲೇ ಈ ಮಾತನ್ನು ಕನ್ನಡದಲ್ಲಿ ಚೀಟಿಯಲ್ಲಿ ಬರೆದುಕೊಡಬೇಕು: ಜ್ವರ, ಕೀಲುನೋವು ಬಂದರೆ ನಾಟಿ ಔಷಧಿಗೆ ಓಡಬೇಡಿ, ಇಲ್ಲಿಗೇ ಬನ್ನಿ. ಮುಂದೆ ಮತ್ತೆ ಹಾವು ಕಚ್ಚಿದರೆ, ಈ ಇಂಜೆಕ್ಷನ್ ಹಿಂದೆ ತಗೊಂಡಿದ್ದೀವಿ ಅಂತ ಮೊದಲೇ ಹೇಳಿ. ಆಗ ಅಲರ್ಜಿ ಬೇಗ ಆಗಬಹುದು, ಅಲರ್ಜಿ ಇಳಿಸುವ ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡು ಇಂಜೆಕ್ಷನ್ ಕೊಡುತ್ತಾರೆ. ಬೇಡ ಅಂತ ಮಾತ್ರ ಹೇಳಬೇಡಿ.