ಹೇಳಿಕೊಡದೆ ಕಲಿಸುವ ಪ್ರಸ್ಥಭೂಮಿ

‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಎಂಬ ವಿಡಿಯೋ ಗೇಮ್ ಶುರುವಾಗುವುದು ಕತ್ತಲಲ್ಲಿ. ಕಣ್ಣು ಬಿಡು ಎಂದು ಒಂದು ಹೆಣ್ಣುದನಿ ಕರೆಯುತ್ತದೆ. ನೀಲಿ ಬೆಳಕಿನ ನೀರು ತುಂಬಿದ ತೊಟ್ಟಿಯೊಳಗಿಂದ ಲಿಂಕ್ ಎಂಬ ಹುಡುಗ ಎದ್ದು ಕೂರುತ್ತಾನೆ. ಅವನಿಗೆ ತಾನು ಯಾರೆಂಬುದೇ ನೆನಪಿಲ್ಲ. ಒಂದು ಕಲ್ಲಿನ ಪೀಠದ ಮೇಲೆ ಶೀಕಾ ಸ್ಲೇಟ್ ಎಂಬ ಹಲಗೆ ಸಿಗುತ್ತದೆ. ಎರಡು ಪೆಟ್ಟಿಗೆಗಳಲ್ಲಿ ಒಂದು ಹಳೇ ಅಂಗಿ, ಒಂದು ಸವೆದ ಪ್ಯಾಂಟು. ಆಸ್ತಿ ಅಷ್ಟೇ. ಗುಹೆಯ ಬಾಗಿಲು ತೆರೆದರೆ ಹೊರಗಿನ ಬಿಸಿಲು ಕಣ್ಣಿಗೆ ಕುಕ್ಕುತ್ತದೆ. ಓಡಿ ಬಂಡೆಯ ತುದಿಗೆ ಬಂದು ನಿಂತರೆ ಕೆಳಗೆ ಇಡೀ ಹೈರೂಲ್ ರಾಜ್ಯ: ಕಾಡು, ನದಿ, ನಡುವೆ ಸೀಳಿದಂತಿರುವ ಜೋಡಿ ಬೆಟ್ಟ, ದೂರದಲ್ಲಿ ಬೆಂಕಿ ಕಾರುವ ಪರ್ವತ, ಕಪ್ಪು ಮಂಜು ಸುತ್ತಿಕೊಂಡ ಕೋಟೆ. ಅಲ್ಲಿಯವರೆಗೆ ಸುಮ್ಮನಿದ್ದ ಪಿಯಾನೋ ಆಗ ನಾಲ್ಕು ಸ್ವರ ನುಡಿಸುತ್ತದೆ.

ಇದನ್ನು ನನಗೆ ಆಡಿಸಿದವನು ನನ್ನ ಅಣ್ಣನ ಮಗ, ಏಳನೇ ಕ್ಲಾಸಿನ ಹುಡುಗ. ದಸರಾ ರಜೆಗೆ ಮೈಸೂರಿಗೆ ಬರುವಾಗ ಬಟ್ಟೆಗಿಂತ ಮೊದಲು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡಿದ್ದ. ಅದನ್ನು ನಮ್ಮ ಹಾಲಿನ ಟಿವಿಗೆ ಜೋಡಿಸಿ, ಹೊಸದಾಗಿ ಆಟ ಶುರುಮಾಡಿ, ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟ. ಅವನು ಈ ಆಟವನ್ನು ಆಗಲೇ ಮುಗಿಸಿದ್ದ. ‘ನಾನೇನೂ ಹೇಳ್ಕೊಡಲ್ಲ ಅತ್ತೆ. ನೀನೇ ಕಂಡ್ಹಿಡೀಬೇಕು. ಹೇಳ್ಬಿಟ್ರೆ ಮಜಾ ಹೋಗುತ್ತೆ’ ಅಂತ ಮೊದಲೇ ಕರಾರು ಹಾಕಿದ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಹೇಳಿಕೊಡುವುದೇ ನನ್ನ ಕೆಲಸ. ಅದಕ್ಕೇ ಇರಬೇಕು, ಮುಂದೆ ಆದದ್ದೆಲ್ಲ ನನಗೆ ಆಟಕ್ಕಿಂತ ಹೆಚ್ಚಾಗಿ ಒಂದು ಒಳ್ಳೆಯ ತರಗತಿಯಾಗಿ ಕಂಡಿತು.

ಮೊದಲ ಕೆಲವು ಗಂಟೆ ಕಳೆಯುವುದು ಗ್ರೇಟ್ ಪ್ಲಾಟೋ ಎಂಬ ಎತ್ತರದ ಪ್ರಸ್ಥಭೂಮಿಯಲ್ಲಿ. ಸುತ್ತಲೂ ಕಡಿದಾದ ಪ್ರಪಾತ, ಜಿಗಿದರೆ ಸಾವು. ಹೀಗಾಗಿ ಎಲ್ಲಿಗೂ ಹೋಗಬಾರದು ಎಂದು ಯಾರೂ ಬೋರ್ಡು ಹಾಕಬೇಕಿಲ್ಲ, ನೆಲವೇ ಹೇಳುತ್ತದೆ. ಒಳಗೆ ಮಾತ್ರ ಪೂರ್ತಿ ಸ್ವಾತಂತ್ರ್ಯ. ಮರ, ಗೋಡೆ, ಬಂಡೆ, ಏನನ್ನಾದರೂ ಹತ್ತಬಹುದು. ಹತ್ತುವಾಗ ಹಸಿರು ಉಂಗುರವೊಂದು ಕರಗುತ್ತಾ ಬರುತ್ತದೆ; ಅದು ಖಾಲಿಯಾದರೆ ಕೈ ಸೋತು ಜಾರುತ್ತೀರಿ. ಮಳೆ ಬಂದರೆ ಬಂಡೆಯೂ ಜಾರುತ್ತದೆ.

ಗುಹೆಯಿಂದ ಇಳಿದರೆ ಒಂದು ಬಂಡೆಯ ನೆರಳಲ್ಲಿ ಬೆಂಕಿ ಹಾಕಿಕೊಂಡು ಕೂತ ಮುದುಕನೊಬ್ಬ ಸಿಗುತ್ತಾನೆ. ತಲೆಗೆ ಮುಸುಕು, ಉದ್ದ ಬಿಳಿ ಗಡ್ಡ. ಬೆಂಕಿಯ ಪಕ್ಕದಲ್ಲಿ ಸುಟ್ಟ ಸೇಬು. ಎತ್ತಿಕೊಂಡರೆ ಮುದುಕ ಗದರುತ್ತಾನೆ, ಆಮೇಲೆ ತಮಾಷೆಗೆ ಅಂದೆ ಅಂತ ನಗುತ್ತಾನೆ. ನೋಡಲು ಚಿಕ್ಕ ಘಟನೆ. ಆದರೆ ಅಷ್ಟರಲ್ಲಿ ನನಗೆ ಎರಡು ವಿಷಯ ಗೊತ್ತಾಗಿದ್ದವು: ಸೇಬು ತಿಂದರೆ ಜೀವ ತುಂಬುತ್ತದೆ, ಸುಟ್ಟ ಸೇಬು ತಿಂದರೆ ಇನ್ನೂ ಸ್ವಲ್ಪ ಹೆಚ್ಚು ತುಂಬುತ್ತದೆ. ಹತ್ತಿರದ ಮರದಿಂದ ಹಸಿ ಸೇಬು ಕಿತ್ತು ಬೆಂಕಿಯ ಪಕ್ಕ ಹಾಕಿ ಕಾದೆ. ಸುಟ್ಟಿತು. ‘ಹಾಗಾದ್ರೆ ಬೆಂಕಿ ಎಲ್ಲಿ ಹಚ್ಚಿದ್ರೂ ಹೀಗೇನಾ?’ ಅಂತ ಕೇಳಿದೆ. ಹುಡುಗ ತುಟಿ ಬಿಗಿದುಕೊಂಡು ತಲೆಯಾಡಿಸಿದ. ಕೊಂಬೆಯ ತುದಿಗೆ ಬೆಂಕಿ ಹತ್ತಿಸಿ ಒಣಹುಲ್ಲಿಗೆ ತಾಗಿಸಿದೆ. ಇಡೀ ಇಳಿಜಾರು ಧಗಧಗ ಉರಿಯಿತು. ಉರಿಯ ಮೇಲೆ ಗಾಳಿ ಎದ್ದು ಮೇಲಕ್ಕೆ ನುಗ್ಗಿತು. ಆ ಗಾಳಿ ಯಾವ ಉಪಯೋಗಕ್ಕೆ ಬರುತ್ತದೆ ಎಂಬುದು ತಿಳಿದದ್ದು ಬಹಳ ಆಮೇಲೆ.

ಈ ಆಟವನ್ನು ನಿರ್ದೇಶಿಸಿದವರು ಹಿದೆಮಾರೊ ಫುಜಿಬಯಾಶಿ, ನಿರ್ಮಾಪಕರು ಐಜಿ ಔನುಮಾ. 2017ರ ಮಾರ್ಚ್ 3ರಂದು ಸ್ವಿಚ್ ಮಾರುಕಟ್ಟೆಗೆ ಬಂದ ದಿನವೇ ಇದೂ ಬಂತು. ಇದನ್ನು ಕಟ್ಟುವ ಮೊದಲು ತಂಡ ಇದೇ ಸರಣಿಯ ಹಳೆಯ ಜೆಲ್ಡಾ ಆಟದ ಹಾಗೆ ಮೇಲಿಂದ ನೋಡುವ, ಚುಕ್ಕಿಚಿತ್ರಗಳ ಒಂದು ಸಣ್ಣ ಮಾದರಿ ಆಟ ಮಾಡಿ ಪರೀಕ್ಷಿಸಿತ್ತಂತೆ. ಮರ ಕಡಿದರೆ ದಿಮ್ಮಿ ಆಗಬೇಕು, ದಿಮ್ಮಿ ನೀರಲ್ಲಿ ತೇಲಬೇಕು, ಬೆಂಕಿಗೆ ಹತ್ತಿಕೊಳ್ಳಬೇಕು. ಇಂಥ ನಿಯಮಗಳು ಒಂದರ ಮೇಲೊಂದು ಕೆಲಸ ಮಾಡುತ್ತವೆಯೇ ಎಂಬುದು ಅವರ ಪ್ರಶ್ನೆ. 2017ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅವರೇ ಇದನ್ನು ವಿವರಿಸಿದ್ದಾರೆ. ಬೆಂಕಿ, ನೀರು, ಗಾಳಿ, ವಿದ್ಯುತ್ತಿನ ವರ್ತನೆಯನ್ನು ನೋಡಿಕೊಳ್ಳುವ ಭಾಗಕ್ಕೆ ಅವರು ಕೊಟ್ಟ ಹೆಸರು ಕೆಮಿಸ್ಟ್ರಿ ಎಂಜಿನ್. ಪ್ರಸ್ಥಭೂಮಿಯ ಮೇಲೆ ನಡೆಯುವಾಗ ಈ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ, ಹೌದಲ್ಲ, ಹುಲ್ಲಿಗೆ ಬೆಂಕಿ ಕೊಟ್ಟಾಗ ನಾನು ಮಾಡಿದ್ದು ಅದೇ, ಅನ್ನಿಸಿತು.

ಮುಂದೆ ಬೋಕೊಬ್ಲಿನ್‌ಗಳು. ಹಂದಿಮೂತಿಯ ಕೆಂಪು ಪುಂಡರು. ಬೆಂಕಿ ಸುತ್ತ ಕೂತು ಮಾಂಸ ಸುಟ್ಟುಕೊಂಡು ಕುಣಿಯುತ್ತಿರುತ್ತಾರೆ. ನನ್ನ ಹತ್ತಿರ ಇದ್ದದ್ದು ಮರದ ಕೊಂಬೆ ಮತ್ತು ಒಂದು ಸೌದೆ ಕೊಡಲಿ. ಈ ಆಟದಲ್ಲಿ ಆಯುಧಗಳು ಮುರಿಯುತ್ತವೆ. ಕೊಂಬೆ ನಾಲ್ಕೇಟಿಗೆ ಪುಡಿ. ಅನೇಕರಿಗೆ ಇದು ಇಷ್ಟವಿಲ್ಲ ಅಂತ ಹುಡುಗ ಆಮೇಲೆ ಹೇಳಿದ. ನನಗೆ ಮಾತ್ರ ಇದು ಬಹಳ ಸರಿ ಎನ್ನಿಸಿತು. ಒಂದೇ ಒಳ್ಳೆ ಕತ್ತಿ ಕೈಗೆ ಸಿಕ್ಕಿ ಅದು ಎಂದೂ ಮುರಿಯದಿದ್ದರೆ ನಾನು ಸುತ್ತ ನೋಡುತ್ತಲೇ ಇರಲಿಲ್ಲ. ಮುರಿಯುತ್ತದೆ ಎಂಬ ಭಯದಿಂದಲೇ ಕಣ್ಣು ಸುತ್ತ ಹರಿಯಿತು. ಆ ಪುಂಡರ ಬಿಡಾರದ ಮೇಲಿನ ದಿಬ್ಬದಲ್ಲಿ ಒಂದು ಗುಂಡುಬಂಡೆ, ತಳ್ಳಿದರೆ ಉರುಳುವ ಹಾಗೆ ಕೂತಿತ್ತು. ಸುಮ್ಮನೆ ಇಟ್ಟದ್ದಲ್ಲ ಅದು. ಹಿಂದೆ ಹೋಗಿ ನಿಂತು ನೂಕಿದೆ. ಗಡಗಡ ಇಳಿದು ಬೋಕೊಬ್ಲಿನ್‌ಗಳನ್ನು ಬಡಿಯಿತು. ಹುಡುಗ ಸೋಫಾ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ‘ನಾನು ಫಸ್ಟ್ ಟೈಮ್ ಆ ಬಂಡೆ ನೋಡೇ ಇರ್ಲಿಲ್ಲ ಅತ್ತೆ!’

ಗೋಪುರವೊಂದು ಲಿಂಕ್‌ನನ್ನು ಹೊತ್ತು ನೆಲದಿಂದ ಎದ್ದು, ನಕ್ಷೆ ಸಿಕ್ಕಿ, ಕೆಳಗಿಳಿದ ಮೇಲೆ ಮುದುಕ ಮೇಲಿಂದ ತೇಲಿಕೊಂಡು ಬಂದು ಇಳಿಯುತ್ತಾನೆ. ಬಟ್ಟೆ ಕಟ್ಟಿದ ಆ ತೇಲುವ ಸಾಧನ, ಪ್ಯಾರಾಗ್ಲೈಡರ್, ಇದ್ದರೆ ಪ್ರಪಾತ ಇಳಿಯಬಹುದು. ನನಗೂ ಬೇಕು. ಹತ್ತಿರದ ಗುಡಿಯಲ್ಲಿ ಅಡಗಿದ ನಿಧಿ ತಂದರೆ ಕೊಡುತ್ತೇನೆ ಅಂದ. ತಂದೆ. ಇನ್ನೂ ಮೂರು ಗುಡಿಗಳಿವೆ, ಅವುಗಳದ್ದೂ ಬೇಕು ಅಂತ ಮಾತು ಬದಲಿಸಿದ.

ಈ ಗುಡಿಗಳನ್ನು ಶ್ರೈನ್ ಅನ್ನುತ್ತಾರೆ. ಒಂದೊಂದೂ ಒಂದು ಶಕ್ತಿ ಕೊಟ್ಟು, ಅದನ್ನು ಬಳಸಿಯೇ ಹೊರಬರುವ ಹಾಗೆ ಕಟ್ಟಿದ ಕೋಣೆ. ಮೊದಲನೆಯದರಲ್ಲಿ ಲೋಹವನ್ನು ಆಯಸ್ಕಾಂತದಂತೆ ಎತ್ತುವುದು. ಎರಡನೆಯದು ಬಾಂಬು: ಗುಂಡಗಿನದು ಇಳಿಜಾರಲ್ಲಿ ಉರುಳುತ್ತದೆ, ಚೌಕದ್ದು ಇಟ್ಟಲ್ಲೇ ಕೂರುತ್ತದೆ. ಅಷ್ಟು ವ್ಯತ್ಯಾಸದಿಂದಲೇ ಎಷ್ಟೋ ಒಗಟು ಬಿಡಿಸಬಹುದು. ಇನ್ನೊಂದರಲ್ಲಿ ವಸ್ತುವೊಂದರ ಕಾಲವನ್ನು ನಿಲ್ಲಿಸಬಹುದು. ಕಲ್ಲುಗುಂಡು ನಿಂತಿರುವಾಗ ಅದಕ್ಕೆ ಸುತ್ತಿಗೆಯಿಂದ ಬಾರಿಸುತ್ತಾ ಹೋದರೆ ಏಟುಗಳೆಲ್ಲ ಅದರೊಳಗೆ ಕೂಡಿಕೊಳ್ಳುತ್ತವೆ. ಯಾವ ಕಡೆ ಹಾರುತ್ತದೆ ಎಂದು ತೋರಿಸುವ ಬಾಣ ಹಳದಿಯಿಂದ ಕೆಂಪಿಗೆ ತಿರುಗುತ್ತದೆ, ಕಾಲ ಬಿಟ್ಟ ಕ್ಷಣ ಗುಂಡು ಆ ದಿಕ್ಕಿಗೇ ಸಿಡಿಯುತ್ತದೆ. ಬಲಕ್ಕೆ ದಿಕ್ಕೂ ಇದೆ, ಪ್ರಮಾಣವೂ ಇದೆ ಎಂದು ನಮ್ಮ ವಿಜ್ಞಾನದ ಮೇಡಂ ಬೋರ್ಡಿನ ಮೇಲೆ ಬಾಣ ಬರೆದು ವಿವರಿಸುವುದನ್ನು ಪಕ್ಕದ ಕೋಣೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಇಲ್ಲಿ ಬಾಣ ನನ್ನ ಏಟಿಗೆ ಉದ್ದವಾಯಿತು. ನಾಲ್ಕನೆಯದು ನೀರಿನಿಂದ ಮಂಜುಗಡ್ಡೆಯ ಕಂಬ ಎಬ್ಬಿಸುವುದು.

ಬಾಂಬಿನ ಗುಡಿಗೆ ಹೋಗುವ ದಾರಿಯಲ್ಲಿ ಪಾಳುಗೋಡೆಗಳ ನಡುವೆ ಪಾಚಿ ಹಿಡಿದ ಯಂತ್ರಗಳು ಬಿದ್ದಿವೆ. ಒಂದರ ಪಕ್ಕ ಹಾದಾಗ ಅದರ ಕಣ್ಣು ಬೆಳಗಿತು. ಲಿಂಕ್‌ನ ಎದೆಯ ಮೇಲೆ ಕೆಂಪು ಚುಕ್ಕೆ. ಪಿಯಾನೋ ಗಡಿಬಿಡಿಯಲ್ಲಿ ಬಡಿದುಕೊಳ್ಳತೊಡಗಿತು. ನನ್ನ ಅಂಗೈ ನಿಜವಾಗಿ ಬೆವರಿತು. ‘ಗೋಡೆ ಹಿಂದೆ, ಗೋಡೆ ಹಿಂದೆ!’ ಎಂದು ಕರಾರು ಮುರಿದು ಕೂಗಿದ್ದು ಹುಡುಗನೇ. ಗಾರ್ಡಿಯನ್ ಎಂಬ ಆ ಯಂತ್ರದ ಒಂದೇ ಹೊಡೆತಕ್ಕೆ, ಆಟದಲ್ಲಿ ಜೀವದ ಅಳತೆಯಾದ ನನ್ನ ಮೂರು ಹೃದಯವೂ ಖಾಲಿಯಾಗುತ್ತಿತ್ತು. ಗೋಡೆಯಿಂದ ಗೋಡೆಗೆ ಓಡಿ ದಾಟಿದೆವು. ಅಲ್ಲಿ ಕಲಿತದ್ದು ಇನ್ನೊಂದು ಪಾಠ: ಎದುರಿಗೆ ಬಂದದ್ದನ್ನೆಲ್ಲ ಈಗಲೇ ಗೆಲ್ಲಬೇಕಿಲ್ಲ.

ನನಗೆ ಅತಿ ಪ್ರೀತಿಯ ಭಾಗ ಚಳಿಯದ್ದು. ಉಳಿದ ಗುಡಿಗಳಿರುವುದು ಹಿಮದ ಕಡೆಗೆ, ಮೌಂಟ್ ಹೈಲಿಯಾ ಎಂಬ ಪರ್ವತದ ಸುತ್ತ. ಅಲ್ಲಿ ಕಾಲಿಟ್ಟರೆ ಲಿಂಕ್ ನಡುಗುತ್ತಾನೆ, ಕೈಗಳಿಂದ ಮೈಯನ್ನು ಅಪ್ಪಿಕೊಳ್ಳುತ್ತಾನೆ, ಹೃದಯಗಳು ಕಾಲುಭಾಗದಂತೆ ಕಳೆಯುತ್ತಾ ಹೋಗುತ್ತವೆ. ಹೋಗಬೇಡ ಎಂದು ಯಾರೂ ಅಡ್ಡಗಟ್ಟುವುದಿಲ್ಲ. ಬೆಚ್ಚಗಿರುವ ದಾರಿ ಹುಡುಕಿಕೊಳ್ಳಬೇಕು. ಉರಿಯುವ ಪಂಜು ಹಿಡಿದು ಹೋಗಬಹುದು. ಕಾಡಿನಲ್ಲಿ ಮುದುಕನ ಗುಡಿಸಲಿದೆ. ಅಲ್ಲಿನ ದಿನಚರಿ ಪುಸ್ತಕ ಓದಿದರೆ, ಖಾರ ಹಾಕಿ ಮಾಡುತ್ತಿದ್ದ ಒಂದು ಅಡುಗೆ ಅವನಿಗೆ ಪೂರ್ತಿ ನೆನಪಿಲ್ಲ, ಯಾರಾದರೂ ಮಾಡಿಕೊಟ್ಟರೆ ಬೆಚ್ಚನೆಯ ಅಂಗಿ ಕೊಡುತ್ತೇನೆ ಎಂದು ಬರೆದಿದ್ದಾನೆ. ಮಾಂಸ, ಮೆಣಸಿನಕಾಯಿ, ಮೀನು. ಯಾವ ಮೀನು ಎಂಬುದನ್ನು ನೀವೇ ಹಿಡಿದು ಕಂಡುಕೊಳ್ಳಬೇಕು.

ನಾನು ಅಂಗಿಯ ದಾರಿ ಹಿಡಿಯಲಿಲ್ಲ. ಗುಡಿಸಲ ಪಕ್ಕ ಬೆಳೆದ ಕೆಂಪು ಮೆಣಸಿನಕಾಯಿಗಳನ್ನು ಕಂಡೇ ಅರ್ಥವಾಗಿತ್ತು. ಜಡಿಮಳೆಯ ಸಂಜೆ ಮೆಣಸಿನ ಸಾರು ಕುಡಿದರೆ ಒಳಗಿಂದ ಬೆಚ್ಚಗಾಗುವುದನ್ನು ಬಲ್ಲವರಿಗೆ ಈ ಒಗಟಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಐದು ಮೆಣಸಿನಕಾಯಿ ಲಿಂಕ್‌ನ ತೋಳಲ್ಲಿ ಹಿಡಿಸಿ, ಒಲೆಯ ಮೇಲಿನ ಪಾತ್ರೆಗೆ ಸುರಿದೆ. ಪಾತ್ರೆಯೊಳಗೆ ಅವು ಕುಣಿಯತೊಡಗಿದವು. ಸಣ್ಣದೊಂದು ರಾಗ, ಅದರ ತಾಳಕ್ಕೆ ಸರಿಯಾಗಿ ತೊಟ್ಟಿನ ಸಮೇತ ಮೇಲೆ ಕೆಳಗೆ ಪುಟಿಯುತ್ತವೆ, ಲಿಂಕ್ ಬಗ್ಗಿ ನೋಡುತ್ತಾನೆ, ಕೊನೆಗೆ ಪಾತ್ರೆ ತುಂಬಿತು ಎನ್ನುವಂಥ ಒಂದು ಗಂಟೆ ಸದ್ದು. ತಿಂದ ಮೇಲೆ ಪರದೆಯ ಮೂಲೆಯಲ್ಲಿ ಎಷ್ಟು ಹೊತ್ತು ಚಳಿ ತಡೆಯುತ್ತಾನೆ ಎಂದು ಎಣಿಕೆ ಶುರು. ಹಿಮದಲ್ಲಿ ಓಡಿದೆ. ಅತ್ತಿಗೆ ಅಡುಗೆಮನೆಯಿಂದ ಬಂದು ‘ಏನ್ ಮಾಡ್ತಿದೀರ ಇಬ್ರೂ’ ಅಂದಾಗ, ‘ಅಡುಗೆ’ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ದಾರಿಯಲ್ಲಿ ಒಂದು ಕಂದಕ. ಪಕ್ಕದಲ್ಲೇ ಮುದುಕ ಮರದ ಮುಂದೆ ನಿಂತಿದ್ದ. ಅವನ ಕೆಲಸ ನೋಡಿದ ಮೇಲೆ, ನನ್ನ ಕೊಡಲಿಗೂ ಕೆಲಸ ಸಿಕ್ಕಿತು. ಕಂದಕಕ್ಕೆ ಬೆನ್ನು ಹಾಕಿ ಕಡಿದರೆ ಮರ ಈಚೆ ಬೀಳುತ್ತದೆ, ಈಚೆ ನಿಂತು ಕಡಿದರೆ ಆಚೆ ಬಿದ್ದು ಸೇತುವೆಯಾಗುತ್ತದೆ.

ನಾಲ್ಕೂ ಗುಡಿ ಮುಗಿದಾಗ ಮುದುಕ ಹೇಳಿದ ಮಾತು ಕೇಳಿ ನನಗೆ ರೋಮಾಂಚನವಾಯಿತು. ನಕ್ಷೆಯಲ್ಲಿ ನಾಲ್ಕು ಗುಡಿಗಳನ್ನು ತುದಿಗಳೆಂದುಕೊಂಡು ಗುಣಾಕಾರದ ಗುರುತಿನಂತೆ ಗೆರೆ ಎಳೆ; ಅವು ಕೂಡುವ ಜಾಗದಲ್ಲಿ ಕಾಯುತ್ತಿರುತ್ತೇನೆ ಅಂದ. ಚತುರ್ಭುಜದ ಕರ್ಣಗಳು! ಆಟ ಗೆರೆ ಎಳೆದು ತೋರಿಸುವುದಿಲ್ಲ. ಟಿವಿಯ ಹತ್ತಿರ ಹೋಗಿ, ಮನೆಯಲ್ಲಿದ್ದ ಅಳತೆಪಟ್ಟಿ ಹಿಡಿದು ಎರಡು ಕರ್ಣ ನೋಡಿದೆ. ಅವು ಸೇರಿದ್ದು ಹಾಳುಬಿದ್ದ ಟೆಂಪಲ್ ಆಫ್ ಟೈಮ್ ಮೇಲೆ. ಎಂಟನೇ ಕ್ಲಾಸಿನಲ್ಲಿ ಚತುರ್ಭುಜದ ಪಾಠ ಶುರುಮಾಡುವಾಗ ನಾನು ಈಗ ಮೊದಲು ಕೊಡುವುದು ಒಂದು ನಕ್ಷೆ, ಅದರಲ್ಲಿ ನಾಲ್ಕು ಊರು.

ಆ ಗುಡಿಯ ಛಾವಣಿಯಲ್ಲಿ ಮುದುಕ ತನ್ನ ನಿಜ ಹೇಳುತ್ತಾನೆ. ಅವನು ಹೈರೂಲ್‌ನ ಕೊನೆಯ ರಾಜ ರೋಮ್. ನೂರು ವರ್ಷದ ಹಿಂದೆ ಗ್ಯಾನನ್ ಎಂಬ ಕೇಡು ರಾಜ್ಯವನ್ನು ನುಂಗಿದಾಗ ಸತ್ತವನು. ಮಗಳು ಜೆಲ್ಡಾ ಆ ಕೋಟೆಯೊಳಗೆ ಇನ್ನೂ ಒಬ್ಬಳೇ ಅದನ್ನು ತಡೆದು ನಿಂತಿದ್ದಾಳೆ. ಸೇಬಿಗಾಗಿ ಗದರಿದ, ಮರ ಕಡಿದ, ಅಡುಗೆ ಮರೆತ ಮುದುಕ ಒಬ್ಬ ತಂದೆ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ; ಈ ಕ್ಷಣಕ್ಕಾಗಿಯೇ ಅವನು ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದು. ‘ಗೊತ್ತಾಯ್ತಾ ಅತ್ತೆ, ಯಾಕೆ ಹೇಳ್ಲಿಲ್ಲ ಅಂತ?’

1986ರಲ್ಲಿ ಬಂದ ಮೊದಲ ಜೆಲ್ಡಾದಲ್ಲೂ ಶುರುವಿನಲ್ಲೇ ಒಂದು ಗುಹೆ, ಒಳಗೊಬ್ಬ ಮುದುಕ, ಅವನು ಕೊಡುವ ಮರದ ಕತ್ತಿ. ಆ ಆಟ ಮಾಡಿದ ಶಿಗೆರು ಮಿಯಾಮೊತೊ ಚಿಕ್ಕಂದಿನಲ್ಲಿ ಕ್ಯೋಟೊ ಹತ್ತಿರದ ಸೊನೊಬೆಯ ಗುಡ್ಡ ಗುಹೆಗಳಲ್ಲಿ ಒಬ್ಬರೇ ತಿರುಗಿದವರು; ಆ ಅಲೆದಾಟವೇ ಆಟಕ್ಕೆ ಮೂಲ ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರಸ್ಥಭೂಮಿಯಲ್ಲಿ ಆ ಬಾಲಕನ ಕುತೂಹಲ ಎಷ್ಟು ಜೋಪಾನವಾಗಿ ಉಳಿದಿದೆ ಎಂದು ನನಗೆ ಈಗಲೂ ಆಶ್ಚರ್ಯ.

ಪ್ಯಾರಾಗ್ಲೈಡರ್ ಕೊಟ್ಟ ರಾಜ ಪೂರ್ವಕ್ಕೆ, ಜೋಡಿ ಬೆಟ್ಟದ ಆಚೆಯ ಕಕಾರಿಕೊ ಹಳ್ಳಿಗೆ ಹೋಗು ಅಂದ. ಆದರೆ ಇಲ್ಲಿಂದ ನೇರವಾಗಿ ಕೋಟೆಗೆ ನುಗ್ಗಿ ಗ್ಯಾನನ್‌ನನ್ನು ಎದುರಿಸಿದರೂ ಆಟ ತಡೆಯುವುದಿಲ್ಲ ಎಂದು ಹುಡುಗ ಹೇಳಿದಾಗ ನಾನು ನಂಬಲಿಲ್ಲ. ಹೌದಂತೆ, ಮೂರು ಹೃದಯ ಇಟ್ಟುಕೊಂಡೇ ಹೋಗಿ ಗೆದ್ದವರಿದ್ದಾರೆ. ಅವನಿಗೆ ಕೋಟೆಯ ಕಡೆಗೆ ಹೋಗುವ ಆಸೆ, ನನಗೆ ಹಳ್ಳಿಯ ಕಡೆಗೆ. ಕಂಟ್ರೋಲರ್ ನನ್ನ ಕೈಯಲ್ಲಿತ್ತು. ಪೂರ್ವದ ಅಂಚಿಗೆ ಹೋಗಿ ಹಾರಿದೆವು, ಇಳಿದ ಕಡೆ ಮೊದಲು ಸಿಕ್ಕಿದ್ದು ಮೆಣಸಿನಕಾಯಿ ಅಲ್ಲ, ಅಣಬೆ. ಅದರಿಂದ ಏನು ಅಡುಗೆ ಆಗುತ್ತದೆ ಎಂದು ನೋಡಲು ಒಲೆ ಹುಡುಕುತ್ತಾ ಹೊರಟೆವು.