ಕಾಲಿನ ಚಿಂತೆ ಬಿಡಿ, ಗಾಳಿ ನೋಡಿ

ನಾನಿರುವುದು ಫ್ರಾನ್ಸ್‌ನ ತುಲೂಸ್‌ನಲ್ಲಿ. ರಜೆ ಸಿಕ್ಕರೆ ಸೈಕಲ್ಲಿನ ಕ್ಯಾರಿಯರಿಗೆ ಎರಡು ಚೀಲ ಸಿಕ್ಕಿಸಿಕೊಂಡು ದಕ್ಷಿಣದ ಹಳ್ಳಿಗಾಡಿನ ಕಡೆ ಹೊರಟುಬಿಡುತ್ತೇನೆ. ಈ ಸಂಗತಿ ತಿಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ದೂರ ತುಳಿಯಲು ಕಾಲಿನಲ್ಲಿ ಎಷ್ಟು ಬಲ ಬೇಕು? ನಮ್ಮಂಥವರಿಗೆ ಆಗುತ್ತದೆಯೇ?" ವಿಮಾನ ತಯಾರಿಕೆಯ ಕೆಲಸದ ಮೇಲೆ ಬೆಂಗಳೂರಿನಿಂದ ಇಲ್ಲಿಗೆ ಬರುವ ಎಂಜಿನಿಯರುಗಳು ಕೇಳುತ್ತಾರೆ. ಮೈಸೂರಿನಿಂದ ಫೋನ್ ಮಾಡುವ ಚಿಕ್ಕಮ್ಮನೂ ಕೇಳುತ್ತಾರೆ. ಅವರ ಪ್ರಶ್ನೆಗೆ "ಒಂದು ಕಾರು ತೆಗೆದುಕೊಳ್ಳಬಾರದೇನಪ್ಪಾ" ಎಂಬ ಬಾಲವೂ ಇರುತ್ತದೆ.

ನನ್ನ ಉತ್ತರ: ಆಗುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರಿನಂತೆ, ಕೂತು ಎದ್ದು, ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಹೋಗುವುದು ನಿತ್ಯ ನಡೆದಾಡುವ ಯಾರಿಗೂ ಅಸಾಧ್ಯವಲ್ಲ. ಕಾಲು ಸೋತು ಪ್ರವಾಸ ಕೈಬಿಟ್ಟವರನ್ನು ನಾನು ಕಂಡದ್ದು ಅಪರೂಪ. ಗಾಳಿಗೆ ಸಿಕ್ಕಿ ಹೈರಾಣಾದವರನ್ನು, ಅಂಗಡಿ ಮುಚ್ಚಿದ ಊರಿನಲ್ಲಿ ಹಸಿದು ಕೂತವರನ್ನು ಬೇಕಾದಷ್ಟು ಕಂಡಿದ್ದೇನೆ.

ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಈ ದೇಶವೆಲ್ಲ ಏರುದಾರಿಯೇ ಎಂಬ ಭಯ. ನಮ್ಮ ಊರಿನಿಂದ ಹೊರಡುವ ಕನಾಲ್ ದ್ಯು ಮಿದಿ ಕಾಲುವೆಯ ದಂಡೆಯನ್ನು ಅವರಿಗೆ ತೋರಿಸಬೇಕು. ಉಪ್ಪಿನ ಸುಂಕ ವಸೂಲಿ ಮಾಡುತ್ತಿದ್ದ ಪಿಯೆರ್-ಪೋಲ್ ರಿಕೆ ಎಂಬಾತ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1666ರಿಂದ 1681ರವರೆಗೆ ಕಟ್ಟಿಸಿದ ಕಾಲುವೆ ಇದು. ಕೆಲಸ ಮುಗಿಯಲು ಕೆಲವೇ ತಿಂಗಳು ಉಳಿದಿರುವಾಗ ಆತ ತೀರಿಕೊಂಡ. ತುಲೂಸ್‌ನಿಂದ ಮೆಡಿಟರೇನಿಯನ್ ತೀರದ ಸೆತ್ ಪಟ್ಟಣದ ಪಕ್ಕದ ಸರೋವರದವರೆಗೆ ಸುಮಾರು 240 ಕಿಲೋಮೀಟರ್. ದೋಣಿ ಸಾಗಬೇಕಾದರೆ ನೀರು ಮಟ್ಟಸವಾಗಿ ನಿಲ್ಲಬೇಕು, ಹಾಗಾಗಿ ದಂಡೆಯೂ ಮಟ್ಟಸ. ಇಡೀ ದಾರಿಯ ಅತಿ ಎತ್ತರದ ಜಾಗ ನೋರೂಝ್, ಸಮುದ್ರಮಟ್ಟದಿಂದ 189 ಮೀಟರ್. ತುಲೂಸ್‌ನಿಂದ ಅಲ್ಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನೀವು ಏರುವುದು ಸುಮಾರು ಅರವತ್ತು ಮೀಟರ್. ಕಪ್ಪು ಬೆಟ್ಟವೆಂದೇ ಹೆಸರಾದ ಮೋಂತಾನ್ಯ್ ನ್ವಾರ್‌ನ ತೊರೆಗಳನ್ನು ಕೂಡಿಸಿ ತಂದ ನೀರು ನೋರೂಝ್‌ನಲ್ಲಿ ಇಬ್ಭಾಗವಾಗಿ, ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ ಹರಿಯುತ್ತದೆ. ರಿಕೆಯ ತಲೆ ಓಡಿದ್ದು ಇಲ್ಲಿಯೇ. ಕಾಲುವೆ ತೋಡುವುದನ್ನು ಇನ್ನೊಬ್ಬರೂ ಮಾಡಬಹುದಿತ್ತು.

ಡಾಂಬರು ಇರುವುದು ಮೊದಲ ಐವತ್ತು ಕಿಲೋಮೀಟರ್ ಮಾತ್ರ. ಆಮೇಲೆ ಮಣ್ಣುದಾರಿ, ಅಲ್ಲಲ್ಲಿ ಮರದ ಬೇರು. ತೆಳು ಟೈರಿನ ಸೈಕಲ್ ತಂದರೆ ಬೆನ್ನುಮೂಳೆ ಎಣಿಸಿಕೊಳ್ಳಬೇಕಾಗುತ್ತದೆ. ಹಳೆಯ ಚಿತ್ರಗಳಲ್ಲಿ ಕಾಣುವ, ಪ್ಲೇನ್ ಎಂಬ ಜಾತಿಯ ನೆರಳುಮರಗಳ ಸಾಲು ಈಗ ಹಲವು ಕಡೆ ಇಲ್ಲ. 2006ರಲ್ಲಿ ಕಾಲುವೆಯ ಮರಗಳಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯದ ಮದ್ದುಗುಂಡಿನ ಪೆಟ್ಟಿಗೆಗಳ ಜೊತೆ ಅದು ಫ್ರಾನ್ಸ್‌ಗೆ ಬಂತೆಂದು ಹೇಳುತ್ತಾರೆ. ನಲವತ್ತು ಸಾವಿರದಷ್ಟಿದ್ದ ಮರಗಳಲ್ಲಿ ಸಾವಿರಾರನ್ನು ಕಡಿದು ಸುಟ್ಟರು. ಬೇರೆ ಜಾತಿಯ ಸಸಿಗಳನ್ನು ನೆಟ್ಟಿದ್ದಾರೆ, ಆದರೆ ಅವು ನೆರಳು ಕೊಡಲು ಇನ್ನೂ ಬಹಳ ಕಾಲ ಬೇಕು. ಜುಲೈ ಆಗಸ್ಟ್ ಬೇಡ ಎಂದು ನಾನು ಹೇಳಲು ಇದೂ ಒಂದು ಕಾರಣ. ಮೇ, ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು.

ಬೆಟ್ಟ ಬೇಕೇ ಬೇಕು ಎನ್ನುವವರಿಗೆ ಫ್ರಾನ್ಸ್‌ನ ಆಗ್ನೇಯ ಸೀಮೆಯಾದ ಪ್ರೊವಾನ್ಸ್‌ನ ಮೋಂ ವಾಂತು ಇದೆ. ಬೆದ್ವಾಂ ಎಂಬ ಊರಿನಿಂದ 21 ಕಿಲೋಮೀಟರ್ ದೂರ, ಸುಮಾರು 1,600 ಮೀಟರ್ ಏರು. ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತುವ ಬೆಂಗಳೂರಿಗರು ಅದರ ಮೂರು ಪಟ್ಟು ಎಂದುಕೊಂಡು ಇನ್ನೂ ಸ್ವಲ್ಪ ಸೇರಿಸಿಕೊಳ್ಳಲಿ. ಶಿಖರಕ್ಕೆ ಸ್ವಲ್ಪ ಕೆಳಗೆ ಇಂಗ್ಲಿಷ್ ಸವಾರ ಟಾಮ್ ಸಿಂಪ್ಸನ್‌ನ ಸ್ಮಾರಕವಿದೆ. 1967ರ ಜುಲೈನಲ್ಲಿ ಪಂದ್ಯದ ನಡುವೆ ಆತ ಅಲ್ಲಿಯೇ ಕುಸಿದು ಸತ್ತ. ಪ್ರವಾಸಿಗೆ ಅಂಥ ಹಟ ಏಕೆ? ಇಲ್ಲಿನ ಏರುದಾರಿಗಳ ಪಕ್ಕದಲ್ಲಿ ಹಳದಿ ತಲೆಯ ಬಿಳಿ ಮೈಲಿಗಲ್ಲುಗಳಿರುತ್ತವೆ. ತುದಿಗೆ ಇನ್ನೆಷ್ಟು ದೂರ, ಈಗ ಎಷ್ಟು ಎತ್ತರದಲ್ಲಿದ್ದೀರಿ, ಮುಂದಿನ ಒಂದು ಕಿಲೋಮೀಟರಿನ ಏರು ಶೇಕಡಾ ಎಷ್ಟು ಎಂದು ಅದರ ಮೇಲೆ ಬರೆದಿರುತ್ತದೆ. ಶೇಕಡಾ ಐದು ಎಂದಿದ್ದರೆ ಸಣ್ಣ ಗೇರಿಗೆ ಇಳಿಸಿ ಮಾತನಾಡುತ್ತ ಹೋಗಬಹುದು. ಒಂಬತ್ತು ಎಂದಿದ್ದರೆ ಮಾತು ತಾನಾಗಿ ನಿಲ್ಲುತ್ತದೆ. ಇಳಿದು ತಳ್ಳಿಕೊಂಡು ಹೋದರೂ ಯಾರೂ ನಗುವುದಿಲ್ಲ.

ಗೇರು ಎಂದ ಮೇಲೆ ಒಬ್ಬರ ಹೆಸರು ಹೇಳಲೇಬೇಕು. ಪೋಲ್ ದ ವಿವಿ, 1853ರಲ್ಲಿ ಇದೇ ಪ್ರೊವಾನ್ಸ್‌ನ ಪೆರ್ನ್ ಎಂಬ ಊರಿನಲ್ಲಿ ಹುಟ್ಟಿದವರು. ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಸೈಕಲ್ಲಿಗೆ ಬದಲಾಯಿಸಬಲ್ಲ ಗೇರು ಇರಬೇಕು, ಆಗ ಸಾಮಾನ್ಯರೂ ಬೆಟ್ಟ ಹತ್ತುತ್ತಾರೆ ಎಂದು ಜೀವನವಿಡೀ ವಾದಿಸಿದರು. ಪಂದ್ಯದ ಆಯೋಜಕರಿಗೆ ಅದು ಕೈಲಾಗದವರ ಉಪಾಯವಾಗಿ ಕಂಡಿತ್ತು. ಟೂರ್ ದ ಫ್ರಾನ್ಸ್‌ನಲ್ಲಿ ಅಂಥ ಗೇರಿಗೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ, ವೆಲೊಸಿಯೊ ತೀರಿಹೋಗಿ ಏಳು ವರ್ಷಗಳ ಮೇಲೆ. ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ ಎಂಬುದು ಅವರು ಸವಾರರಿಗೆ ಹಾಕಿಕೊಟ್ಟ ನಿಯಮಗಳಲ್ಲಿ ಒಂದು. ಅವರು ಅಪ್ಪಟ ಸಸ್ಯಾಹಾರಿ ಎಂಬುದನ್ನು ಚಿಕ್ಕಮ್ಮನಿಗೆ ಹೇಳಿದ ದಿನ ಫೋನಿನಲ್ಲಿ ನನಗೆ ಸ್ವಲ್ಪ ಮರ್ಯಾದೆ ಸಿಕ್ಕಿತು.

ಇನ್ನು ಗಾಳಿ. ಬೆಟ್ಟಕ್ಕೆ ತುದಿ ಎಂಬುದೊಂದಿದೆ, ಹತ್ತಿದ ಮೇಲೆ ಇಳಿಜಾರು ಸಿಗುತ್ತದೆ. ಗಾಳಿ ಹಾಗಲ್ಲ. ರೋನ್ ನದಿಯ ಕಣಿವೆಯಲ್ಲಿ ಉತ್ತರದಿಂದ ಬೀಸುವ ಮಿಸ್ತ್ರಾಲ್ ಹಿಡಿದರೆ ಮೂರು, ಆರು ಅಥವಾ ಒಂಬತ್ತು ದಿನ ಬಿಡುವುದಿಲ್ಲ ಎಂಬುದು ಅಲ್ಲಿನವರ ಲೆಕ್ಕ. ಊರುಗಳನ್ನು ನೋಡಿದರೇ ಅದರ ಹಾವಳಿ ತಿಳಿಯುತ್ತದೆ. ಹಳೆಯ ತೋಟದ ಮನೆಗಳ ಉತ್ತರದ ಗೋಡೆಗೆ ಕಿಟಕಿಯೇ ಇರುವುದಿಲ್ಲ, ಇದ್ದರೆ ಕೈಯಗಲದ್ದು. ಹೊಲದ ಬದುವಿನಲ್ಲಿ ಪೂರ್ವ ಪಶ್ಚಿಮವಾಗಿ ಸೈಪ್ರೆಸ್ ಮರಗಳ ಗೋಡೆ. ಚರ್ಚಿನ ಗಂಟೆಯನ್ನು ಕಲ್ಲಿನ ಗೋಪುರದ ಬದಲು ಕಬ್ಬಿಣದ ಸರಳುಗಳ ಪಂಜರದಲ್ಲಿ ತೂಗುಹಾಕಿರುತ್ತಾರೆ, ಗಾಳಿ ತೂರಿ ಹೋಗಲಿ ಎಂದು. ಕಾಲುವೆಯ ದಾರಿಯಲ್ಲಿ ಸಿಗುವ ಕಾರ್ಕಾಸೋನ್ ಊರಿನ ಸುತ್ತ ವಾಯವ್ಯದಿಂದ ಬೀಸುವುದು ಸೆರ್ಸ್. ರೋಮನ್ ಸಾಮ್ರಾಟ ಅಗಸ್ಟಸ್ ಈ ಸೀಮೆಯಲ್ಲಿದ್ದಾಗ ಈ ಗಾಳಿಗೆ ಹರಕೆ ಹೊತ್ತು ಗುಡಿ ಕಟ್ಟಿಸಿದನೆಂದು ರೋಮನ್ ತತ್ತ್ವಜ್ಞಾನಿ ಸೆನೆಕಾ ಬರೆದಿಟ್ಟಿದ್ದಾನೆ. ವಾಯುಪುತ್ರನಿಗೆ ಊರಿಗೊಂದು ಗುಡಿ ಕಟ್ಟಿದ ನಮಗೆ ಅದು ಸೋಜಿಗವಲ್ಲ. ನಮ್ಮ ತುಲೂಸ್ ಕಡೆ ಆಗ್ನೇಯದಿಂದ ಬರುವ ಓತಾನ್ ಗಾಳಿ ಮನುಷ್ಯರಿಗೆ ಹುಚ್ಚು ಹಿಡಿಸುತ್ತದೆ ಎಂಬ ಮಾತಿದೆ. ಕಚೇರಿಯಲ್ಲಿ ಆ ದಿನಗಳಲ್ಲಿ ಎಲ್ಲರ ಸಿಡುಕನ್ನೂ ಗಾಳಿಯ ತಲೆಗೆ ಕಟ್ಟುತ್ತಾರೆ.

ಸೈಕಲ್ಲಿನ ಮೇಲೆ ಇದರ ಅರ್ಥವೇನು? ನೀವು ಇಪ್ಪತ್ತರ ವೇಗದಲ್ಲಿ ಹೋಗುತ್ತಿದ್ದು ಎದುರಿನಿಂದ ಮೂವತ್ತರ ಗಾಳಿ ಬಂದರೆ ಎದೆಗೆ ಬಡಿಯುವುದು ಐವತ್ತರ ಗಾಳಿ. ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಪ್ಪತ್ತು ಹತ್ತಕ್ಕಿಳಿಯುತ್ತದೆ, ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಎಷ್ಟು ವ್ಯಾಯಾಮ ಮಾಡಿ ಬಂದಿದ್ದರೂ ಇದಕ್ಕೆ ಮದ್ದಿಲ್ಲ. ದಿಕ್ಕು ಬದಲಿಸುವುದೊಂದೇ ದಾರಿ. ರೋನ್ ಕಣಿವೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗಿ, ಗಾಳಿ ಬೆನ್ನಿಗಿರುತ್ತದೆ. ಕಾಲುವೆಯಲ್ಲಿ ತುಲೂಸ್‌ನಿಂದ ಸಮುದ್ರದ ಕಡೆಗೆ ಹೊರಡಿ, ಸೆರ್ಸ್ ನಿಮ್ಮನ್ನು ತಳ್ಳುತ್ತದೆ. ಹವಾಮಾನ ವರದಿ ಓತಾನ್ ಎಂದರೆ ರೈಲಿನಲ್ಲಿ ಸೆತ್‌ಗೆ ಹೋಗಿ ಅಲ್ಲಿಂದ ತುಳಿಯುತ್ತ ವಾಪಸ್ ಬನ್ನಿ.

ಎರಡನೆಯ ಶತ್ರು ಗಡಿಯಾರ. ಹಳ್ಳಿಯ ಬೇಕರಿ ಬೆಳಗ್ಗೆ ಬೇಗ ತೆರೆಯುತ್ತದೆ, ಮಧ್ಯಾಹ್ನ ಬಾಗಿಲು ಹಾಕುತ್ತದೆ. ಹೋಟೆಲಿನಲ್ಲಿ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂಕಾಲಕ್ಕೆ ಹೋಗಿ ನಿಂತರೆ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ನೆಲ ಒರೆಸುತ್ತಿರುತ್ತಾರೆ, ಗಾಜಿನಾಚೆಯಿಂದಲೇ ಕೈಯಾಡಿಸುತ್ತಾರೆ. ದರ್ಶಿನಿಗಳ ನಾಡಿನಿಂದ ಬಂದವರಿಗೆ ಇದು ಜೀರ್ಣವಾಗುವುದು ತಡ. ಭಾನುವಾರ ಮಧ್ಯಾಹ್ನದ ಮೇಲೆ ಎಲ್ಲವೂ ಸ್ತಬ್ಧ, ಸೋಮವಾರ ಬಹಳಷ್ಟು ಅಂಗಡಿಗಳಿಗೆ ರಜೆ. ಹೀಗಾಗಿ ಹನ್ನೊಂದು ಗಂಟೆಗೆ ಕಂಡ ಬೇಕರಿಯನ್ನು ದಾಟಿ ಹೋಗಬೇಡಿ. ಬಗೆತ್ ಎಂಬ ಒಂದು ಉದ್ದನೆಯ ಬ್ರೆಡ್ಡು, ಮೇಕೆ ಹಾಲಿನ ಗಿಣ್ಣು, ಟೊಮೆಟೊ, ಒಂದು ಹಿಡಿ ಆಲಿವ್ ಚೀಲದಲ್ಲಿದ್ದರೆ ಸಸ್ಯಾಹಾರಿಗೂ ಮಧ್ಯಾಹ್ನದ ಚಿಂತೆಯಿಲ್ಲ. ಹೋಟೆಲಿನ ಸಲಾಡಿನಲ್ಲಿ ಹಂದಿಮಾಂಸದ ಸಣ್ಣ ತುಂಡು ಹೇಳದೆ ಕೇಳದೆ ಬಂದು ಕೂತಿರುತ್ತದೆ, ಮೊದಲೇ ಬೇಡವೆನ್ನಿ. ನೀಸ್ ಕಡೆಗೆ ಹೋದರೆ ಸೊಕ್ಕಾ ತಿನ್ನಿ: ಕಡಲೆ ಹಿಟ್ಟು, ಆಲಿವ್ ಎಣ್ಣೆ, ಉಪ್ಪು, ಸೌದೆ ಒಲೆಯ ಬೆಂಕಿ. ಮೇಲೆ ಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಹಸಿಮೆಣಸಿನಕಾಯಿ ಹಾಕಿದ್ದರೆ ಎಂದು ಪ್ರತಿಸಲವೂ ಅನ್ನಿಸುತ್ತದೆ.

ನೀರು ಸಿಗುವುದು ಸ್ಮಶಾನದಲ್ಲಿ. ತಮಾಷೆಯಲ್ಲ, ಇಲ್ಲಿನ ಸೈಕಲ್ ಪ್ರವಾಸಿಗಳೆಲ್ಲ ಬಲ್ಲ ಉಪಾಯ. ಊರಿನ ಅಂಚಿನಲ್ಲಿ ಸೈಪ್ರೆಸ್ ಮರಗಳು, ಕಲ್ಲಿನ ಗೋಡೆ, ಕಿರುಗುಟ್ಟುವ ಕಬ್ಬಿಣದ ಗೇಟು. ಗೇಟಿನ ಒಳಗೇ ಒಂದು ನಲ್ಲಿ, ಪಕ್ಕದಲ್ಲಿ ಸಮಾಧಿಯ ಹೂಕುಂಡಗಳಿಗೆ ನೀರುಣಿಸಲು ಇಟ್ಟ ಪ್ಲಾಸ್ಟಿಕ್ ಕ್ಯಾನುಗಳು. ಸಾಮಾನ್ಯವಾಗಿ ಅದು ಊರಿನ ಕುಡಿಯುವ ನೀರೇ. "ಓ ನೋಂ ಪೊತಾಬ್ಲ್" ಎಂಬ ಫಲಕವಿದ್ದರೆ ಮಾತ್ರ ಕುಡಿಯಬಾರದು. ಟೋಪಿ ತೆಗೆದು, ಶೀಶೆ ತುಂಬಿಸಿಕೊಂಡು, ಗೇಟು ಮುಚ್ಚಿ ಬರಬೇಕು. ಇದನ್ನು ಕೇಳಿದ ಚಿಕ್ಕಮ್ಮನ ಮೊದಲ ಪ್ರಶ್ನೆ, "ಆಮೇಲೆ ಸ್ನಾನ ಮಾಡಿದೆಯೇನೋ?" ಸಂಜೆ ಕ್ಯಾಂಪಿಂಗ್ ಮೈದಾನದಲ್ಲಿ ಹೇಗೂ ಮಾಡಿದ್ದೆ.

ವಾಹನಗಳ ಭಯ ದೊಡ್ಡದಲ್ಲ. ಊರಿನ ಹೊರಗೆ ಸೈಕಲ್ಲನ್ನು ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ, ಹೆಚ್ಚಿನವರು ಬಿಡುತ್ತಾರೆ. ಅದೂ ಬೇಡವೆಂದರೆ ಹಳೆಯ ರೈಲುಹಳಿ ಕಿತ್ತು ಮಾಡಿದ ದಾರಿಗಳಿವೆ. ಬೆದಾರಿಯೊದಿಂದ ಮಝಾಮೆವರೆಗಿನದು ನನಗೆ ಕಾಲುವೆಗಿಂತ ಇಷ್ಟ: ಎಂಬತ್ತು ಕಿಲೋಮೀಟರಿನಷ್ಟು ಬೆಟ್ಟಸೀಮೆ, ಸುರಂಗ, ಸೇತುವೆ. ಹಬೆಬಂಡಿಗೆಂದು ಹಾಕಿದ ದಾರಿಯಾದ್ದರಿಂದ ಏರು ಎಲ್ಲಿಯೂ ಕಡಿದಾಗಿಲ್ಲ.

ಮೊದಲ ಬಾರಿ ಬರುವವರು ಈ ದಾರಿಯಲ್ಲೇ ಶುರು ಮಾಡಲಿ. ಹೊರಡುವ ಮುನ್ನ ಗಾಳಿಯ ದಿಕ್ಕು ನೋಡಿ, ಬೇಕರಿಗೆ ರಜೆಯಿರುವ ಸೋಮವಾರವನ್ನು ಬಿಟ್ಟು ಮಂಗಳವಾರ ಹೊರಡಿ. ಮಂಗಳವಾರ ಪ್ರಯಾಣ ಮನೆಯವರಿಗೆ ಒಪ್ಪಿಗೆಯಾಗದಿದ್ದರೆ ಬುಧವಾರ.