ಖಾಲಿ ಮಾತ್ರೆಯ ಪಟ್ಟಿಗಳು

ಕಾಸರಗೋಡಿನ ಬದಿಯಡ್ಕದ ಹತ್ತಿರ, ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟಿನವರ ಒಂದು ಕಾಲೊನಿಯ ಅಂಗನವಾಡಿಯಲ್ಲಿ ಆ ಭಾನುವಾರ ವೈದ್ಯಕೀಯ ಶಿಬಿರವಿತ್ತು. ದಕ್ಷಿಣ ಕೇರಳದ ಒಂದು ಇಗರ್ಜಿಯ ಕಡೆಯಿಂದ ಒಬ್ಬರು ಡಾಕ್ಟರು, ಆರು ಮಂದಿ ನರ್ಸಿಂಗ್ ವಿದ್ಯಾರ್ಥಿನಿಯರು ರಾತ್ರಿ ರೈಲಿನಲ್ಲಿ ಬಂದಿಳಿದಿದ್ದರು. ಅವರಿಗೆ ಬರುವುದು ಮಲಯಾಳ ಮತ್ತು ಇಂಗ್ಲಿಷ್. ಕಾಲೊನಿಯ ಹಿರಿಯರು ಹೊರಗಿನವರೊಡನೆ ಆಡುವುದು ತುಳು, ಮಕ್ಕಳು ಶಾಲೆಯಲ್ಲಿ ಕಲಿಯುವುದು ಕನ್ನಡ. ಮಾತು ದಾಟಿಸಿಕೊಡಲು ಕನ್ನಡ ಶಾಲೆಯ ಮೇಷ್ಟ್ರಾದ ನನ್ನನ್ನು ಕರೆದಿದ್ದರು.

ಮೊದಲಿಗೆ ಅವರೆಲ್ಲ ಕಣ್ಣುಮುಚ್ಚಿ ಒಂದು ನಿಮಿಷ ಪ್ರಾರ್ಥಿಸಿದರು. ಧರ್ಮದ ಮಾತು ಅಲ್ಲಿಗೇ ಮುಗಿಯಿತು. ಕರಪತ್ರ ಹಂಚುತ್ತಾರೋ ಎಂದು ನಾನು ಗಮನಿಸುತ್ತಲೇ ಇದ್ದೆ. ಊರಿನಲ್ಲಿ ಆ ಪ್ರಶ್ನೆ ಏಳುತ್ತದೆ, ಏಳಲೂ ಬೇಕು. ಯಾರೂ ಹಂಚಲಿಲ್ಲ.

ತಲೆ ತಿರುಗುತ್ತದೆ ಎನ್ನಲು ತುಳುವಿನಲ್ಲಿ 'ತರೆ ತಿರ್ಗುಂಡು' ಎಂದವರ ಮಾತನ್ನು ಮಲಯಾಳದಲ್ಲಿ 'ತಲ ಕರಙ್ಙುನ್ನು' ಎಂದು ಡಾಕ್ಟರಿಗೆ ದಾಟಿಸುವುದು ಕಷ್ಟದ ಕೆಲಸವಲ್ಲ. ಕಷ್ಟವಾದದ್ದು, ಹೇಳದೆ ಉಳಿದದ್ದನ್ನು ಕೇಳಿ ತಿಳಿಯುವುದು. ಅರವತ್ತು ದಾಟಿದ ಒಬ್ಬ ತಾಯಿ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಬುಟ್ಟಿಗೆ ಬಳ್ಳಿ ಸೀಳಿ ಸೀಳಿ ಹೆಬ್ಬೆರಳ ಉಗುರು ಅರ್ಧ ಸವೆದಿತ್ತು. ರಕ್ತದೊತ್ತಡ 180/110. ಮಾತ್ರೆ ತೆಗೆದುಕೊಳ್ಳುತ್ತಿಲ್ಲವೇ ಎಂದು ಡಾಕ್ಟರು ಕೇಳಿಸಿದರು. ಅವರು ಉತ್ತರಿಸದೆ ಎದ್ದು ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಮೂರು ಖಾಲಿ ಮಾತ್ರೆಯ ಪಟ್ಟಿಗಳು, ಮಡಚದೆ, ನೀಟಾಗಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟವು.

"ಮರ್ದ್ ಮುಗಿಂಡ್, ಮಾಷ್ಟ್ರೇ."

ಹಿಂದಿನ ವರ್ಷ ಇಂಥದೇ ಇನ್ನೊಂದು ಶಿಬಿರದಲ್ಲಿ ಯಾರೋ ಕೊಟ್ಟಿದ್ದ ಮೂವತ್ತು ಮಾತ್ರೆಗಳು. ಪಟ್ಟಿ ತೋರಿಸಿದರೆ ಮತ್ತೆ ಕೊಡುತ್ತಾರೆ ಎಂದು ಹನ್ನೊಂದು ತಿಂಗಳು ಕಾದಿದ್ದರು. ನಾನು ಅದನ್ನು ಮಲಯಾಳದಲ್ಲಿ ಹೇಳಿ ಮುಗಿಸಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೂ ನಾಚಿಕೆಯಾಯಿತು. ನನ್ನ ಶಾಲೆಯಿಂದ ಆ ಮನೆಗೆ ಇಪ್ಪತ್ತು ನಿಮಿಷದ ದಾರಿ.

ಸರಕಾರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಅದೇ ಮಾತ್ರೆ ಉಚಿತವಾಗಿ ಸಿಗುತ್ತದೆ. ಏಕೆ ಹೋಗಲಿಲ್ಲವೆಂದು ಕೇಳಿದೆ. ಒಮ್ಮೆ ಹೋಗಿದ್ದರಂತೆ. ಚೀಟಿ ಎಲ್ಲಿ ಮಾಡಿಸಬೇಕೆಂದು ತಿಳಿಯಲಿಲ್ಲ, ಹೆಸರು ಕೂಗಿದ್ದು ತಮ್ಮದೆಂದು ಗೊತ್ತಾಗಲಿಲ್ಲ. ಒಂದು ದಿನದ ಬುಟ್ಟಿ ನೇಯ್ಗೆ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಸ್ವಿಟ್ಜರ್ಲೆಂಡಿನ ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮಾತೆತ್ತಿದೆ. 1834ರಲ್ಲಿ ಮಂಗಳೂರಿಗೆ ಬಂದವರು ಕನ್ನಡವನ್ನೂ ತುಳುವನ್ನೂ ಕಲಿತರು. ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, ಮ್ಯಾನರರ ತುಳು ನಿಘಂಟು 1886ರಲ್ಲಿ ಅಚ್ಚಾಯಿತು. ಮತಪ್ರಚಾರ ಅವರ ಉದ್ದೇಶವಾಗಿತ್ತು ನಿಜ, ಆದರೆ ಅವರು ಇಲ್ಲಿಯೇ ನೆಲೆಸಿ, ಕೇಳಿ ಕೇಳಿ ಭಾಷೆ ಕಲಿತವರು. ಒಬ್ಬ ಹುಡುಗಿ ತಟ್ಟೆ ಬದಿಗಿಟ್ಟು, "ಮಾಷೇ, 'ಎಷ್ಟು ದಿನವಾಯಿತು' ಎನ್ನುವುದಕ್ಕೆ ತುಳುವಿನಲ್ಲಿ ಏನು?" ಎಂದು ಕೇಳಿದಳು. 'ಏತ್ ದಿನ ಆಂಡ್' ಎಂದೆ. ಅಂಗೈಯಲ್ಲಿ ಮಲಯಾಳ ಲಿಪಿಯಲ್ಲಿ ಬರೆದುಕೊಂಡಳು. ಊಟದ ನಂತರದ ರೋಗಿಗಳನ್ನು ಅವಳೇ ಕೇಳಿದಳು. ಉಚ್ಚಾರ ತಪ್ಪಿದಾಗ ಮುದುಕಿಯರು ನಕ್ಕು ತಿದ್ದಿದರು. ಬೆಳಗ್ಗಿನಿಂದ ಆ ಜಗಲಿಯಲ್ಲಿ ಕೇಳಿದ ಮೊದಲ ನಗು ಅದು.

ಮಕ್ಕಳಿಗೆ ನೋಟ್ ಪುಸ್ತಕ, ಪೆನ್ಸಿಲ್ ಕೊಟ್ಟು ಇಂಗ್ಲಿಷ್ ಪದ್ಯ ಹಾಡಿಸಿದರು. ಮಕ್ಕಳು ಸಂತೋಷಪಟ್ಟರು. ಅದಕ್ಕಿಂತ ಹೆಚ್ಚು ಹೇಳಲಾರೆ.

ಸಂಜೆ ಡಾಕ್ಟರು ಮಾತ್ರೆಗಳ ಜೊತೆಗೆ ಹದಿನೇಳು ಮಂದಿಯ ಹೆಸರಿನಲ್ಲಿ ಆರೋಗ್ಯ ಕೇಂದ್ರಕ್ಕೆ ಪತ್ರ ಬರೆದು ನನ್ನ ಕೈಗಿತ್ತರು. ಆ ದಿನ ಹಂಚಿದ ಮದ್ದಿಗಿಂತ ಆ ಹದಿನೇಳು ಹಾಳೆ ದೊಡ್ಡವು ಎಂದು ನಾನು ನಂಬಿದ್ದೇನೆ. ಮರುವಾರ ಅರ್ಧ ದಿನ ರಜೆ ಹಾಕಿ ಆಶಾ ಕಾರ್ಯಕರ್ತೆಯೊಡನೆ ಎಲ್ಲರನ್ನೂ ಕರೆದುಕೊಂಡು ಹೋದೆ. ಚೀಟಿ ಮಾಡಿಸುವ ಕಿಟಕಿ ತೋರಿಸಿದೆ, ಸಾಲಿನಲ್ಲಿ ಜೊತೆಗೆ ನಿಂತೆ. ಹೆಸರು ಕೂಗಿದಾಗ, "ಇದು ನಿಮ್ಮದೇ" ಎಂದು ಆ ತಾಯಿಯ ಬೆನ್ನು ಮುಟ್ಟಿ ಹೇಳಿದೆ.

ಮುಂದಿನ ತಿಂಗಳು ನಾನು ತಲುಪುವಷ್ಟರಲ್ಲಿ ಅವರು ಸಾಲಿನಲ್ಲಿದ್ದರು. ಒಂದು ಕೈಯಲ್ಲಿ ಚೀಟಿ, ಕಂಕುಳಲ್ಲಿ ಪೇಟೆಯಲ್ಲಿ ಮಾರಲು ತಂದ ಎರಡು ಹೊಸ ಕುಡ್ಪು, ಬಳ್ಳಿಯ ಬುಟ್ಟಿ.